ರಾತ್ರಿ ಊಟ: ಇಲ್ಲ

ಪರರ ತಟ್ಟೆಯೊಳಗೆ ಇಣುಕಬಾರದು ಎಂದು ಚಿಕ್ಕಂದಿನಲ್ಲಿ ಅವ್ವ ನನ್ನ ತಲೆಗೆ ಮೊಟಕಿ ಕಲಿಸಿದ್ದಳು. ದೊಡ್ಡವಳಾದ ಮೇಲೆ ದಿಲ್ಲಿಯ ಒಂದು ವಿಶ್ವವಿದ್ಯಾಲಯ ಅದೇ ಇಣುಕುವ ಕೆಲಸಕ್ಕೆ ನನಗೆ ಫೆಲೋಶಿಪ್ ಕೊಟ್ಟಿತು. ಸಂತೋಷದಿಂದ ಧಾರವಾಡಕ್ಕೆ ಫೋನ್ ಮಾಡಿ ಹೇಳಿದರೆ ಅವ್ವ, "ಮಂದಿ ಏನ್ ಉಂಡ್ರು ಅಂತ ಕೇಳಾಕ ದಿಲ್ಲಿಗೆ ಹೋಗಬೇಕಿತ್ತೇನು? ಇಲ್ಲೇ ಓಣ್ಯಾಗ ಕಟ್ಟಿ ಮ್ಯಾಲೆ ಕುಂತಿದ್ರ ಆಗ್ತಿರ್ಲಿಲ್ಲ?" ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಓಣಿಯ ಕಟ್ಟೆಗೆ ಯಾರೂ ಪಿಎಚ್.ಡಿ. ಕೊಡುವುದಿಲ್ಲ.

ಮೆಟ್ರೋ ರೈಲು ಹೊಸದಾಗಿ ಊರಂಚಿನ ರೋಹಿಣಿ ಬಡಾವಣೆಯನ್ನು ಮುಟ್ಟಿದ್ದ ದಿನಗಳು ಅವು. ನನ್ನ ವಿಷಯ, ಕರ್ನಾಟಕದಿಂದ ಬಂದು ದಿಲ್ಲಿಯಲ್ಲಿ ನೆಲೆಸಿದವರ ಆಹಾರ ಪದ್ಧತಿ ಕಾಲಕ್ರಮೇಣ ಹೇಗೆ ಬದಲಾಗಿದೆ ಎಂಬುದು. ನಮ್ಮವರು ಇಲ್ಲಿಗೆ ಬಂದ ಮೇಲೆ ಏನು ಬಿಟ್ಟರು, ಏನು ಹಿಡಿದರು, ಬಿಡಲಿಕ್ಕೆ ಮತ್ತು ಹಿಡಿಯಲಿಕ್ಕೆ ಎಷ್ಟು ವರ್ಷ ತೆಗೆದುಕೊಂಡರು, ಇಷ್ಟೇ. ನನ್ನ ಗೈಡ್ ಕೋಲ್ಕತ್ತಾದ ಹೆಂಗಸು, ಐವತ್ತು ದಾಟಿದವರು, ಯಾವ ಮಾತು ತೆಗೆದರೂ ಕೊನೆಗೆ ಮೀನಿಗೆ ತಂದು ನಿಲ್ಲಿಸುವವರು. ಅವರು ಇಂಗ್ಲಿಷಿನಲ್ಲಿ ಒಂದು ಪ್ರಶ್ನಾವಳಿ ತಯಾರಿಸಿ, "ನಿನ್ನ ಭಾಷೆಗೆ ನೀನೇ ಮಾಡಿಕೋ" ಎಂದು ಕೊಟ್ಟರು. ನಾನು ಹಾಸ್ಟೆಲಿನ ಮಂಚದ ಮೇಲೆ ಕಾಲು ಚಾಚಿ ಕೂತು ಒಂದೇ ಮಧ್ಯಾಹ್ನದಲ್ಲಿ ಕನ್ನಡ ಮಾಡಿ ಮುಗಿಸಿದೆ. ಕನ್ನಡ ನನಗೆ ಬರದೆ ಇನ್ನಾರಿಗೆ ಬರಬೇಕು ಎಂಬ ಜಂಬ ಬೇರೆ. ಆ ಜಂಬಕ್ಕೆ ಬಿದ್ದ ಪೆಟ್ಟಿನ ಕತೆಯೇ ಇದು.

ಪ್ರಶ್ನಾವಳಿಯ ಜೊತೆಗೆ ಮೂರು ಅಳತೆಯ ಸ್ಟೀಲ್ ಬಟ್ಟಲು, ಒಂದು ಸೌಟು, ಎರಡು ಚಮಚ. ಯಾರು ಎಷ್ಟು ಬಟ್ಟಲು ಸಾರು, ಎಷ್ಟು ಸೌಟು ಅನ್ನ ಎಂದು ತೋರಿಸಿ ಕೇಳಲಿಕ್ಕೆ. ಹೆಗಲಿನ ಚೀಲದಲ್ಲಿ ಅವು ಠಣಠಣ ಎನ್ನುತ್ತಿದ್ದವು. ರೋಹಿಣಿಯ ಒಂದು ಸೊಸೈಟಿಯ ಗೇಟಿನಲ್ಲಿದ್ದ ಗಾರ್ಡ್ ಭಯ್ಯಾ ನನ್ನನ್ನು ಪ್ರತಿ ಸಲವೂ ತಡೆದು, "ಬರ್ತನ್ ಬೇಚ್ನಾ ಮನಾ ಹೈ" ಎನ್ನುತ್ತಿದ್ದ. ಪಾತ್ರೆ ಮಾರುವವಳಲ್ಲ, ವಿಶ್ವವಿದ್ಯಾಲಯದವಳು ಎಂದು ಗುರುತಿನ ಚೀಟಿ ತೋರಿಸಿದರೆ ಅವನಿಗೆ ಅನುಮಾನ ಇನ್ನಷ್ಟು ಹೆಚ್ಚಾಗುತ್ತಿತ್ತು.

ಮನೆಮನೆ ತಿರುಗಿ ನಾನು ಮೊದಲು ಕಲಿತದ್ದು, ಜನ ತಾವು ತಿನ್ನುವುದನ್ನು ಹೇಳುವುದಿಲ್ಲ, ತಾವು ತಿನ್ನುತ್ತೇವೆಂದು ನಂಬಿಕೊಂಡಿರುವುದನ್ನು ಹೇಳುತ್ತಾರೆ. ಬಾಗಿಲು ತೆರೆದ ಕೂಡಲೇ, "ನಮ್ದೆಲ್ಲ ಊರಿನ ಥರಾನೇ ಕಣ್ರೀ, ಏನೂ ಬದಲಾಗಿಲ್ಲ" ಎನ್ನುವವರ ಅಡುಗೆಮನೆಯಿಂದ ಓಮ ಹಾಕಿದ ಪರಾಠದ ವಾಸನೆ ಬರುತ್ತಿರುತ್ತಿತ್ತು. ಫ್ರಿಜ್ ತೆರೆದರೆ ಪನೀರು, ಅದರ ಹಿಂದೆ ಹಸಿ ಬಟಾಣಿ, ಅದರ ಹಿಂದೆ ಎರಡು ವರ್ಷದ ಹಿಂದೆ ಊರಿಂದ ತಂದ ರಾಗಿ ಹಿಟ್ಟಿನ ಡಬ್ಬ, ಮುಚ್ಚಳಕ್ಕೆ ಟೇಪು ಸುತ್ತಿದ್ದು. ಅದನ್ನು ಯಾರೂ ಬಳಸುತ್ತಿರಲಿಲ್ಲ, ಯಾರೂ ಎಸೆಯುತ್ತಲೂ ಇರಲಿಲ್ಲ.

ಎಲ್ಲ ಮನೆಗಳಲ್ಲೂ ಮೊದಲು ಬದಲಾಗುತ್ತಿದ್ದದ್ದು ಬೆಳಗು. ಉಪ್ಪಿಟ್ಟಿನ ಜಾಗಕ್ಕೆ ಬ್ರೆಡ್ಡು ಬರುತ್ತಿತ್ತು, ಬ್ರೆಡ್ಡಿನ ಜಾಗಕ್ಕೆ ಒಂದೆರಡು ವರ್ಷದಲ್ಲಿ ಆಲೂ ಪರಾಠ. ಆಮೇಲೆ ಚಳಿಗಾಲ ತನ್ನ ಪಾಲು ಕೇಳುತ್ತಿತ್ತು. ಡಿಸೆಂಬರಿನಲ್ಲಿ ಬೆಚ್ಚಗೆ ಕ್ಯಾರೆಟ್ ಹಲ್ವ ತಿಂದವರು ಮತ್ತೆ ಊರಿನ ಹೆಸರುಬೇಳೆ ಪಾಯಸವನ್ನು ಹಬ್ಬಕ್ಕೆ ಮಾತ್ರ ನೆನೆಯುತ್ತಿದ್ದರು. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದ ಒಬ್ಬರು, ಹಿಂದೆ ಕರಿಬೇವಿಗಾಗಿ ಮೂರು ಬಸ್ಸು ಬದಲಿಸುತ್ತಿದ್ದೆ, ಈಗ ತರಕಾರಿ ಭಯ್ಯಾ ಕೊತ್ತಂಬರಿಯ ಜೊತೆ ಪುಕ್ಕಟೆ ತುರುಕುತ್ತಾನೆ, ಆದರೆ ಒಗ್ಗರಣೆ ಹಾಕುವ ಸಾರೇ ವಾರಕ್ಕೆರಡು ದಿನ ಆಗಿದೆ ಎಂದು ತಮ್ಮನ್ನು ನೋಡಿ ತಾವೇ ನಕ್ಕರು.

ದಿಲ್ಲಿಯ ಹೊರಗಿನ ಕಾರ್ಖಾನೆಗಳ ಊರು ಮಾನೇಸರಿನ ಒಂದು ಫ್ಲ್ಯಾಟಿನಲ್ಲಿ ಕಾರಿನ ಬಿಡಿಭಾಗದ ಕಾರ್ಖಾನೆಗಳ ನಾಲ್ವರು ಹುಡುಗರಿದ್ದರು. ಬೀದರಿನ ಮುಸಲ್ಮಾನ, ಮಂಗಳೂರಿನ ಕ್ರಿಶ್ಚಿಯನ್, ಹಾಸನದ ಇಬ್ಬರು. ಬಂದ ಹೊಸದರಲ್ಲಿ ಯಾರ ಊರಿನ ಅಡುಗೆ ಮಾಡಬೇಕು ಎಂದು ದಿನವೂ ಜಗಳವಾಡಿ, ಕೊನೆಗೆ ನಾಲ್ವರಲ್ಲಿ ಯಾರ ಊರಿನದೂ ಅಲ್ಲದ ರಾಜ್ಮಾ ಚಾವಲ್‌ಗೆ ಒಪ್ಪಂದವಾಗಿತ್ತಂತೆ. ಅವರನ್ನು ನೋಡಿ ನನಗೆ ತುಂಬ ಪ್ರೀತಿ ಬಂತು. ಮುಖರ್ಜಿ ನಗರದಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿದ್ದ ಮಂಡ್ಯದ ಹುಡುಗನೊಬ್ಬ ಮಾತ್ರ ನನ್ನ ತಲೆ ಕೆಡಿಸಿದ. ಕೊನೆಯ ಊಟ ಯಾವಾಗ ಮಾಡಿದ್ರಿ ಎಂದು ಕೇಳಿದರೆ, "ಊಟ ಮಾಡಿ ಎಂಟು ತಿಂಗಳಾಯ್ತು ಮೇಡಂ" ಎಂದ. ಕೈಯಲ್ಲಿ ಅರ್ಧ ತಿಂದ ಛೋಲೆ ಭಟೂರೆಯ ತಟ್ಟೆ ಇತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಓದುವ ಹುಡುಗರು ಹೀಗೆ ಕುಚೇಷ್ಟೆ ಮಾಡುತ್ತಾರೆ ಎಂದುಕೊಂಡು ಆ ಹಾಳೆಯ ಮೇಲೆ "ಉತ್ತರ ನಂಬಲರ್ಹವಲ್ಲ" ಎಂದು ಕೆಂಪು ಪೆನ್ನಿನಲ್ಲಿ ಬರೆದೆ. ಆ ಹುಡುಗ ಈಗ ಎಲ್ಲಿದ್ದಾನೋ. ಎಲ್ಲಿದ್ದರೂ ಅವನ ಕ್ಷಮೆ ಕೇಳಬೇಕು.

ರೋಹಿಣಿಯ ಅಕ್ಕನ ಮನೆಗೆ ಹೋದದ್ದು ಜನವರಿಯಲ್ಲಿ. ಅಕ್ಕ ಎಂದರೆ ಸ್ವಂತ ಅಕ್ಕನಲ್ಲ. ಮೈಸೂರಿನವರು, ಒಂದು ವಿಮಾ ಕಚೇರಿಯಲ್ಲಿ ಕೆಲಸ, ಗಂಡ ಮಾನೇಸರಿನ ಕಾರ್ಖಾನೆಯಲ್ಲಿ ಇಂಜಿನಿಯರು, ಬೆಳಗ್ಗೆ ಆರಕ್ಕೆ ಕಂಪನಿ ಬಸ್ಸು ಹಿಡಿದರೆ ಮಗು ಮಲಗಿದ ಮೇಲೆ ಬರುವವರು. ಏಳು ವರ್ಷದ ಒಬ್ಬಳೇ ಮಗಳು. ಗುಂಡುಗುಂಡಗೆ, ಕೆಂಪು ಸ್ವೆಟರ್ ತೊಟ್ಟು ಸೋಫಾದಿಂದ ಸೋಫಾಕ್ಕೆ ಹಾರುತ್ತಿದ್ದಳು. ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಅಕ್ಕ ನನ್ನ ಎಲ್ಲ ಪ್ರಶ್ನೆಗೂ ತಾಳ್ಮೆಯಿಂದ ಉತ್ತರ ಕೊಟ್ಟರು, ನಡುವೆ ಎರಡು ಸಲ ಚಹಾ ಕೊಟ್ಟರು.

ಹನ್ನೊಂದನೆಯ ಪ್ರಶ್ನೆ ಹೀಗಿತ್ತು: ರಾತ್ರಿ ಊಟ ಮಾಡುತ್ತೀರಾ? ಹೌದು ಎಂದರೆ ಏನು, ಎಷ್ಟು ಬಟ್ಟಲು ಎಂದು ಬರೆಯಬೇಕು. ಇಲ್ಲ ಎಂದರೆ ಅದನ್ನೆಲ್ಲ ಬಿಟ್ಟು ನೇರವಾಗಿ ಹದಿನಾಲ್ಕಕ್ಕೆ, ಅಂದರೆ ಹಾಲು ಹಣ್ಣಿನ ಪ್ರಶ್ನೆಗೆ ಹಾರಬೇಕು.

"ರಾತ್ರಿ ಊಟ ಇಲ್ಲಪ್ಪ," ಎಂದರು ಅಕ್ಕ. "ಬಿಟ್ಟು ಐದಾರು ವರ್ಷ ಆಯ್ತು. ಹಂಗೇ ಲೈಟಾಗಿ ಏನೋ ಒಂದು."

"ಮಗು?"

"ಅವಳೂ ಮಾಡಲ್ಲ."

ಲೈಟಾಗಿ ಎಂದರೆ ಹಾಲು ಎಂದುಕೊಂಡೆ. ಆ ಕಾಲಕ್ಕೆ ದಿಲ್ಲಿಯಲ್ಲಿ ತೂಕ ಇಳಿಸುವ ಹುಚ್ಚು ಬೇರೆ ಹಬ್ಬಿತ್ತು, ರಾತ್ರಿ ಬಿಡುವವರು ಬೇಕಾದಷ್ಟು ಜನ. ಮಗುವಿಗೂ ಬಿಡಿಸಿದ್ದಾರಲ್ಲ ಎಂದು ಒಂದು ಕ್ಷಣ ಕಸಿವಿಸಿಯಾಯಿತು. ಆದರೆ ಸಮೀಕ್ಷೆ ಮಾಡುವವರು ಬುದ್ಧಿ ಹೇಳಬಾರದು ಎಂಬುದು ಗೈಡ್ ಮೇಡಂ ಕಲಿಸಿದ ಮೊದಲ ಪಾಠ. ಬಾಯಿ ಮುಚ್ಚಿಕೊಂಡು ಹದಿನಾಲ್ಕಕ್ಕೆ ಹಾರಿದೆ. ಮನೆಯವರಿಗೂ ಒಂದು ಪ್ರತಿ ಕೊಡಬೇಕು ಎಂಬುದು ಅವರ ಎರಡನೆಯ ಪಾಠ. ಕಾರ್ಬನ್ ಪ್ರತಿಗೆ ವಿಭಾಗದ ನೀಲಿ ಮೊಹರು ಒತ್ತಿ ಕೊಟ್ಟೆ. ಅಕ್ಕ ಅದನ್ನು ಫ್ರಿಜ್ಜಿನ ಬಾಗಿಲಿಗೆ ಮಾವಿನಹಣ್ಣಿನ ಆಕಾರದ ಅಯಸ್ಕಾಂತದಿಂದ ಅಂಟಿಸಿದರು. ಮಗಳ ಸಾಲಿನಲ್ಲಿ ನನ್ನ ದುಂಡು ಅಕ್ಷರದಲ್ಲಿ ಬರೆದಿತ್ತು: ರಾತ್ರಿ ಊಟ: ಇಲ್ಲ.

ಫೆಬ್ರವರಿ ಕೊನೆಗೆ ಗೈಡ್ ಮೇಡಂ ನನ್ನ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕನ್ನಡಕ ಹಣೆಗೇರಿಸಿದರು.

"ನಿಮ್ಮ ಮೈಸೂರು, ಮಂಡ್ಯ, ಹಾಸನದ ಜನ ರಾತ್ರಿ ಉಪವಾಸವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಧಾರವಾಡ, ಬೆಳಗಾವಿಯವರು ಮಾತ್ರ ಉಣ್ಣುತ್ತಾರೆ. ಅದೂ ಅಲ್ಲದೆ ಈ ಉಪವಾಸದವರು ಬರೆಸಿದ ತೂಕ ನೋಡು. ಉಣ್ಣುವವರಿಗಿಂತ ಹೆಚ್ಚಿದೆ."

ಎರಡೂ ನಿಜವಿರಲಿಕ್ಕೆ ಸಾಧ್ಯವಿಲ್ಲ, ಯಾವುದು ಸುಳ್ಳು ಎಂದು ಪತ್ತೆ ಮಾಡಿಕೊಂಡು ಬಾ ಎಂದು ಹಾಳೆಗಳನ್ನು ನನ್ನ ಕಡೆ ತಳ್ಳಿದರು. ಮೈಸೂರಿನವರು ಏನೋ ಮುಚ್ಚಿಡುತ್ತಿದ್ದಾರೆ ಎಂದೇ ನನ್ನ ತೀರ್ಮಾನ. ಆ ಕಡೆಯವರ ನಯವಾದ ಮಾತಿನ ಬಗ್ಗೆ ನಮ್ಮ ಕಡೆಯವರಿಗೆ ಮೊದಲಿನಿಂದಲೂ ಸ್ವಲ್ಪ ಗುಮಾನಿ.

ಆ ವಾರವೇ ರೋಹಿಣಿಯ ಅಕ್ಕ ಫೋನ್ ಮಾಡಿದರು. ಮೊದಲು ದನಿಯೇ ಗೊತ್ತಾಗಲಿಲ್ಲ, ಅಷ್ಟು ಅತ್ತಿದ್ದರು.

"ನೀವು ಬರೆದುಕೊಟ್ಟ ಕಾಗದ ನಮ್ಮತ್ತೆ ನೋಡ್ಬಿಟ್ರು ಕಣ್ರೀ. ಮೈಸೂರಿಂದ ಹೋದ ವಾರ ಬಂದಿದಾರೆ. ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದವರು, ಮೊಹರು ಇದ್ರೆ ಮುಗೀತು. ನೀನು ಆಫೀಸಿಗೆ ಹೋಗ್ತೀಯ, ಮಗು ರಾತ್ರಿ ಊಟ ಇಲ್ದೆ ಮಲಗತ್ತೆ, ಯೂನಿವರ್ಸಿಟಿಯವರೇ ಬರ್ದಿದಾರೆ ಅಂತಾರೆ. ಪರೀಕ್ಷೆ ಮುಗಿದಿದೆ, ಶನಿವಾರದ ರೈಲಿಗೆ ಅವಳನ್ನ ಕರ್ಕೊಂಡು ಹೋಗ್ತೀನಿ, ಜೂನಿಂದ ಮೈಸೂರಲ್ಲೇ ಸ್ಕೂಲು ಅಂತಾರೆ."

"ಭಾವಾರು ಏನಂತಾರ?"

"ಇವ್ರೂ ಹೂಂ ಅಂದ್ಬಿಟ್ರು. ಒಂದೆರಡು ವರ್ಷ ತಾನೇ ಅಂತೆ. ಒಂದೆರಡು ವರ್ಷ! ನೀವು ಬಂದು ಹೇಳಿ ಅವ್ರಿಗೆ. ನನ್ನ ಮಗು ನನ್ ಹತ್ರ ಇರ್ಬೇಕು."

ತಾಯಿಯಿಂದ ಮಗುವನ್ನು ಬಿಡಿಸುವಷ್ಟು ಬಲ ನನ್ನ ದುಂಡು ಅಕ್ಷರಕ್ಕೆ ಇದೆ ಎಂದು ನಾನು ಎಣಿಸಿರಲಿಲ್ಲ. ಬುಧವಾರ ಸಂಜೆ ಮೆಟ್ರೋ ಹತ್ತಿದೆ. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ. ಮಗು ರಾತ್ರಿ ಉಣ್ಣುವುದಿಲ್ಲ ಎಂಬುದು ನಿಜವೇ ತಾನೆ? ಅಕ್ಕನೇ ಹೇಳಿದ್ದಲ್ಲವೆ? ಹಾಗಿದ್ದರೆ ಅಜ್ಜಿ ಹೇಳುವುದರಲ್ಲಿ ತಪ್ಪೇನು? ನಾನು ಯಾರ ಪರ ಮಾತಾಡಬೇಕು?

ಬಾಗಿಲು ತೆರೆದದ್ದು ಅಕ್ಕ. ಕಣ್ಣೊರೆಸಿಕೊಂಡು ಮುಖ ತೊಳೆದಿದ್ದರು. ಅಜ್ಜಿ ಒಳಕೋಣೆಯಲ್ಲಿದ್ದರು. ಊಟದ ಮೇಜಿನ ಮುಂದೆ ಮಗು ಕಾಲು ಆಡಿಸುತ್ತ ಕೂತಿತ್ತು. ತಟ್ಟೆಯಲ್ಲಿ ತುಪ್ಪ ಸವರಿದ ಎರಡು ಚಪಾತಿ, ಪಕ್ಕದಲ್ಲಿ ಬಟ್ಟಲು ತುಂಬ ರಾಜ್ಮಾ, ಮೇಲೆ ಹೆಚ್ಚಿದ ಈರುಳ್ಳಿ. ಮಗು ಚಪಾತಿ ಹರಿದು, ಅದನ್ನು ದೋಣಿಯ ಹಾಗೆ ಮಡಿಸಿ, ರಾಜ್ಮಾ ತುಂಬಿಕೊಂಡು ಬಾಯಿಗೆ ಇಳಿಸುತ್ತಿತ್ತು. ಬಹಳ ಶ್ರದ್ಧೆಯ ಕೆಲಸ ಅದು.

"ಅಕ್ಕಾರ, ಇದೇನಿದು?" ಎಂದೆ.

"ರಾಜ್ಮಾ."

"ಅದಲ್ಲರಿ. ಈಕಿ ರಾತ್ರಿ ಊಟ ಮಾಡಂಗಿಲ್ಲ ಅಂದಿದ್ರಿ."

"ಹೂಂ, ಮಾಡಲ್ಲ."

"ಮತ್ತ ಈಗ ಮಾಡಾಕತ್ತಿದ್ದೇನು?"

ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದರು. "ಚಪಾತಿ ತಿಂತಿದಾಳೆ ಕಣ್ರೀ," ಎಂದರು. "ಊಟ ಎಲ್ಲಿ ಮಾಡ್ತಿದಾಳೆ?"

ನಾನು ಕುರ್ಚಿ ಎಳೆದು ಕೂತುಬಿಟ್ಟೆ. ನಮ್ಮ ಕಡೆ ರೊಟ್ಟಿ ಉಣ್ಣುತ್ತೇವೆ, ಚಪಾತಿ ಉಣ್ಣುತ್ತೇವೆ, ಅದರ ಹಿಂದೆ ಒಂದು ತುತ್ತು ಅನ್ನ ಸಿಕ್ಕರೆ ಅದನ್ನೂ ಉಣ್ಣುತ್ತೇವೆ. ಹೊಟ್ಟೆ ತುಂಬಿಸಿದ್ದೆಲ್ಲ ಊಟವೇ. ಮೈಸೂರಿನ ಕಡೆ ಹಾಗಲ್ಲ. ಅಲ್ಲಿ ಅನ್ನವಿದ್ದರೆ ಊಟ, ಇಲ್ಲದಿದ್ದರೆ ಎಂಟು ಚಪಾತಿ ತಿಂದು ತೇಗಿದರೂ ಅದು ತಿಂಡಿ, ಫಲಾಹಾರ, ಹಂಗೇ ಲೈಟಾಗಿ ಏನೋ ಒಂದು. ಮಂಡ್ಯದ ಆ ಹುಡುಗನ ಲೆಕ್ಕದಲ್ಲಿ ಮುದ್ದೆ ಇಲ್ಲದ್ದು ಊಟವಲ್ಲ. ಎಂಟು ತಿಂಗಳಾಯ್ತು ಎಂದು ಅವನು ನಿಜವನ್ನೇ ಹೇಳಿದ್ದ. ಇವರೆಲ್ಲ ದಿಲ್ಲಿಗೆ ಬಂದು ರಾತ್ರಿಯ ಅನ್ನ ಬಿಟ್ಟಿದ್ದರು, ಗೋಧಿ ಹಿಡಿದಿದ್ದರು. ನಾನು ಹುಡುಕಿಕೊಂಡು ಹೊರಟ ಬದಲಾವಣೆ ಕಣ್ಣೆದುರೇ ತಟ್ಟೆಯಲ್ಲಿತ್ತು. ಒಂದು ಪದ ಅದನ್ನು ಮುಚ್ಚಿ ಕೂತಿತ್ತು, ಆ ಪದ ಬರೆದವಳು ನಾನೇ.

ನಗು ಬಂತು, ನಾಚಿಕೆಯೂ ಬಂತು. ಪುಣ್ಯಕ್ಕೆ ಇದು ಬರೀ ಮಾತಿನ ತಪ್ಪು, ಈಗಲೇ ಸರಿಮಾಡುತ್ತೇನೆ ಎಂದು ಎದ್ದೆ. ಅಷ್ಟರಲ್ಲಿ ಅಜ್ಜಿಯೇ ಹೊರಗೆ ಬಂದರು. ತೆಳ್ಳಗೆ, ನೆಟ್ಟಗೆ, ಕೈಮಗ್ಗದ ಸೀರೆಯ ಮೇಲೆ ಮಗನ ದೊಡ್ಡ ಜರ್ಕಿನ್ನು. ನಮಸ್ಕಾರ ಮಾಡಿ ಎಲ್ಲ ವಿವರಿಸಿದೆ. ಧಾರವಾಡದ ಊಟ, ಮೈಸೂರಿನ ಊಟ, ಹನ್ನೊಂದನೆಯ ಪ್ರಶ್ನೆ, ಹದಿನಾಲ್ಕಕ್ಕೆ ಹಾರಿದ್ದು. ಕಾಗದದಲ್ಲಿರುವುದು ತಪ್ಪು ಎಂದೆ.

ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಏನೂ ತಪ್ಪಿಲ್ಲಮ್ಮ. ನೀನು ಸರಿಯಾಗೇ ಬರ್ದಿದೀಯ," ಎಂದರು. "ಅನ್ನ ಇಲ್ಲದ್ದು ಊಟ ಹೇಗಾಗತ್ತೆ?"

ನಾನು ಚೀಲದಿಂದ ಅಳತೆಯ ಬಟ್ಟಲು ತೆಗೆದೆ. ಇಷ್ಟು ರಾಜ್ಮಾದಲ್ಲಿ ಇಷ್ಟು ಪ್ರೋಟೀನು, ಎರಡು ಚಪಾತಿಯಲ್ಲಿ ಇಷ್ಟು ಶಕ್ತಿ, ಅನ್ನ ಸಾರಿಗಿಂತ ಒಂದು ಕೈ ಹೆಚ್ಚೇ ಎಂದು ಪಾಠ ಶುರುಮಾಡಿದೆ. ಮಗುವಿನ ಕೆನ್ನೆ ತೋರಿಸಿ, ಇದು ಉಪವಾಸದ ಕೆನ್ನೆ ಏನ್ರಿ ಅಜ್ಜಿ ಎಂದೂ ಕೇಳಿದೆ. ನನ್ನ ದನಿ ಏರಿತ್ತು. ಅಜ್ಜಿ ನನ್ನ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಹೊಟ್ಟೆ ತುಂಬತ್ತೆ ಅಂತ ನಂಗೂ ಕಣ್ಣಿಗೆ ಕಾಣತ್ತೆ. ಹೋದ ಬೇಸಿಗೇಲಿ ನಮ್ಮನೇಗೆ ಬಂದಿದ್ಲು ಇವಳು. ಹುಳಿ ಮಾಡ್ದೆ, ತಿಳಿಸಾರು ಮಾಡ್ದೆ, ಮಾವಿನಕಾಯಿ ಚಿತ್ರಾನ್ನ ಮಾಡ್ದೆ. ತಟ್ಟೆ ಮುಂದೆ ಕೂತು 'ಅಜ್ಜಿ, ಭೂಖ್ ನಹೀ ಹೈ' ಅಂತಾಳೆ, ಹಸಿವೇ ಇಲ್ವಂತೆ. ಒಂದು ತಿಂಗಳು ನನ್ನ ಮನೇಲಿ ನನ್ನ ಮೊಮ್ಮಗಳು ಅಂಗಡಿ ಬ್ರೆಡ್ ತಿಂದ್ಕೊಂಡು ಇದ್ಲಮ್ಮ. ಮಾತೂ ಅರ್ಧಂಬರ್ಧ, ಊಟಾನೂ ಸೇರಲ್ಲ. ಇನ್ನೊಂದು ನಾಲ್ಕು ವರ್ಷ ಹೀಗೇ ಬಿಟ್ರೆ ಅವಳು ನಮ್ಮನೇಗೆ ಯಾಕೆ ಬರ್ಬೇಕು? ಏನಿದೆ ಅಂತ ಬರ್ಬೇಕು?"

ಮೇಷ್ಟ್ರ ದನಿ ಅಲ್ಲಿಗೆ ಒಡೆಯಿತು. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದರು. ಇಬ್ಬರಿಗೂ ಮಗು ಬೇಕಿತ್ತು. ಶನಿವಾರ ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಇಲ್ಲ. ಇದಕ್ಕೆ ನನ್ನ ಪ್ರಶ್ನಾವಳಿಯಲ್ಲಿ ಯಾವ ಕಲಮೂ ಇರಲಿಲ್ಲ. ಇಷ್ಟು ಹೊತ್ತು ಸಿಟ್ಟಿನಿಂದ ಮಾತಾಡಿದ್ದಕ್ಕೆ ನನಗೆ ನಿಜವಾಗಿ ನಾಚಿಕೆಯಾಯಿತು.

ಮಗು ತಟ್ಟೆ ಖಾಲಿ ಮಾಡಿ ಬಟ್ಟಲನ್ನು ಬೆರಳಿನಿಂದ ಬಳಿಯುತ್ತಿತ್ತು. ಅಜ್ಜಿ ಕಣ್ಣೊರೆಸಿಕೊಂಡು, ಏನಾದರೂ ಮಾತಾಡಬೇಕು ಎನ್ನುವ ಹಾಗೆ ಅದರ ಕಡೆ ತಿರುಗಿ, ಎಲ್ಲ ಅಜ್ಜಿಯರೂ ಕೇಳುವ ಮಾತನ್ನೇ ಕೇಳಿದರು. "ಪುಟ್ಟಿ, ಊಟ ಆಯ್ತಾ?"

"ಆಯ್ತು," ಎಂದಿತು ಮಗು. "ಬಹುತ್ ಸಾರಾ ಊಟ ಆಯ್ತು."

ಅಕ್ಕ ತಲೆ ಎತ್ತಿದರು.

"ಏನು ಊಟ ಮಾಡ್ದೆ?"

"ರಾಜ್ಮಾ. ಔರ್ ದೋ ಚಪಾತಿ." ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ ಮಗು ಅಜ್ಜಿಯ ಮುಖ ನೋಡಿತು. ಆಮೇಲೆ ಕುರ್ಚಿಯಿಂದ ಇಳಿದು ಬಂದು, ಒಂದೊಂದೇ ಪದ ಆರಿಸಿಕೊಂಡು ಕೇಳಿತು. "ಅಜ್ಜಿ, ನಿಂದು ಊಟ ಆಯ್ತಾ?"

ಅಜ್ಜಿಯದು ಆಗಿರಲಿಲ್ಲ. ಸೊಸೆಯ ಮೇಲಿನ ಸಿಟ್ಟಿಗೆ ಮೂರು ದಿನದಿಂದ ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗುತ್ತಿದ್ದರಂತೆ. ಇಲ್ಲ ಎಂದು ತಲೆಯಾಡಿಸಿದರು. ಮಗು ಸರಭರ ಅಡುಗೆಮನೆಗೆ ಹೋಗಿ ಒಂದು ಚಪಾತಿ ಕೈಯಲ್ಲೇ ಹಿಡಿದು ತಂದಿತು. ಬಟ್ಟಲಿಗೆ ಇನ್ನೊಂದಿಷ್ಟು ರಾಜ್ಮಾ ಅಕ್ಕ ಹಾಕಿಕೊಟ್ಟರು. ಮಗು ಚಪಾತಿ ಹರಿದು, ದೋಣಿ ಮಡಿಸಿ, ತುಂಬಿ, ಅಜ್ಜಿಯ ಬಾಯಿಗೆ ಇಟ್ಟಿತು. ಅರ್ಧ ಜರ್ಕಿನ್ನಿನ ಮೇಲೆ ಬಿತ್ತು. ಅಜ್ಜಿ ಬಹಳ ಹೊತ್ತು ಅಗಿದರು.

"ಉಪ್ಪು ಕಮ್ಮಿ," ಎಂದರು ಕೊನೆಗೆ. ಮತ್ತೆ ಬಾಯಿ ತೆರೆದರು.

ಮಗುವಿನ ಊರು ಬದಲಾಯಿಸುವ ಬಗ್ಗೆ ಅಂದು ಯಾರೂ ಮತ್ತೆ ಮಾತೆತ್ತಲಿಲ್ಲ. ಹೌದು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ನಾನು ಬಟ್ಟಲುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟೆ. ಅಕ್ಕ ಲಿಫ್ಟಿನವರೆಗೆ ಬಂದು, "ಏನಾಗತ್ತೋ ನೋಡ್ಬೇಕು" ಎಂದರು. ಮುಖದಲ್ಲಿ ಆತಂಕ ಹಾಗೇ ಇತ್ತು.

ಮಾರನೆಯ ದಿನ ಗೈಡ್ ಮೇಡಂ ಎದುರು ತಪ್ಪೊಪ್ಪಿಕೊಂಡೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತಿದ್ದರೆ ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರ ಬಂಗಾಳದಲ್ಲೂ ಊಟ ಆಯ್ತಾ ಎನ್ನುವುದಕ್ಕೆ ಅನ್ನ ತಿಂದೆಯಾ ಎಂದೇ ಕೇಳುವುದಂತೆ. ಅವರಮ್ಮ ದಿಲ್ಲಿಗೆ ಬಂದಾಗಲೆಲ್ಲ ಲೂಚಿ ಎಂಬ ಮೈದಾ ಪೂರಿ ನಾಲ್ಕು ತಿಂದು, ಏನೂ ತಿಂದಿಲ್ಲ ಎಂದು ನೆಂಟರಿಗೆ ಫೋನ್ ಮಾಡುತ್ತಿದ್ದರಂತೆ. "ಇದು ನನಗೇ ಹೊಳೆಯಬೇಕಿತ್ತು," ಎಂದು ಕಣ್ಣೊರೆಸಿಕೊಂಡರು. ಆಮೇಲೆ ಗಂಭೀರವಾಗಿ, ಎಲ್ಲ ಮನೆಗೂ ಮತ್ತೊಮ್ಮೆ ಹೋಗು, ಊಟ ಎಂಬ ಪದವನ್ನೇ ಬಳಸಬೇಡ, ಕತ್ತಲಾದ ಮೇಲೆ ಬಾಯಿಗೆ ಏನು ಹೋಯಿತು ಎಂದು ಕೇಳು ಎಂದರು. ನನ್ನ ಥೀಸಿಸ್ಸು ಏಳು ತಿಂಗಳು ಹಿಂದಕ್ಕೆ ಹೋಯಿತು. ಆದರೆ ಅದರ ಅತ್ಯುತ್ತಮ ಅಧ್ಯಾಯ ಯಾವುದು ಎಂದು ಯಾರಾದರೂ ಕೇಳಿದರೆ, ಈ ತಪ್ಪಿನಿಂದ ಹುಟ್ಟಿದ್ದೇ ಎನ್ನುತ್ತೇನೆ.

ಶುಕ್ರವಾರ ಸಂಜೆ ಮನಸ್ಸು ತಡೆಯದೆ ಮತ್ತೆ ರೋಹಿಣಿಗೆ ಹೋದೆ. ಗಾರ್ಡ್ ಭಯ್ಯಾ ಬೇಸತ್ತು ಕೈಬೀಸಿ ಒಳಗೆ ಬಿಟ್ಟ. ಮೇಲೆ ಬಾಗಿಲು ತೆರೆದೇ ಇತ್ತು. ಹಜಾರದಲ್ಲಿ ಒಂದೇ ಒಂದು ಸೂಟ್‌ಕೇಸು ನಿಂತಿತ್ತು, ಕಂದು ಬಣ್ಣದ್ದು, ಹಳೆಯದು, ಹಿಡಿಕೆಗೆ ಗುರುತಿಗೆಂದು ಹಳದಿ ದಾರ ಕಟ್ಟಿದ್ದು. ಮಗುವಿನ ಸಾಮಾನು ಏನಾದರೂ ಇದೆಯಾ ಎಂದು ನಾನು ನಾಚಿಕೆಯಿಲ್ಲದೆ ಸುತ್ತ ಕಣ್ಣಾಡಿಸಿದೆ. ಅದರ ಚಪ್ಪಲಿ, ಅದರ ಚೀಲ, ಅದರ ಬಣ್ಣದ ಪೆನ್ಸಿಲು ಎಲ್ಲ ಇದ್ದ ಜಾಗದಲ್ಲೇ ಚೆಲ್ಲಾಪಿಲ್ಲಿ ಬಿದ್ದಿದ್ದವು. ಮಗು ಟೀವಿ ಮುಂದೆ ಬೋರಲು ಮಲಗಿತ್ತು.

ಅಡುಗೆಮನೆಯಲ್ಲಿ ಅಜ್ಜಿ ಸ್ಟೂಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಡೈರಿ, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಪೆನ್ನು. ಎದುರಿಗೆ ಅಕ್ಕ ನಿಂತಿದ್ದರು. ಮದುವೆಯಾದಾಗಿನಿಂದ ಅಡುಗೆಯ ವಿಷಯದಲ್ಲಿ ಹೇಳುವವರು ಅತ್ತೆ, ಕೇಳುವವರು ಸೊಸೆ. ಈಗ ಅದು ತಿರುಗಿದ್ದಕ್ಕೆ ಇಬ್ಬರಿಗೂ ಸ್ವಲ್ಪ ಮುಜುಗರವಾಗಿದ್ದಂತೆ ಕಂಡಿತು.

"ರಾಜ್ಮಾ ಕಾಳು ಎಷ್ಟು ಹೊತ್ತು ನೆನೀಬೇಕು?" ಎಂದರು ಅಜ್ಜಿ.

"ಹಿಂದಿನ ರಾತ್ರೀನೇ ಹಾಕ್ಬಿಡಿ ಅತ್ತೆ. ಬೆಳಗ್ಗೆ ಹೊತ್ತಿಗೆ ಉಬ್ಬಿರತ್ತೆ."

ಅಜ್ಜಿ ಬರೆದುಕೊಂಡರು. ಮೈಸೂರಲ್ಲಿ ಈ ಕಾಳು ಸಿಗುತ್ತದೋ ಇಲ್ಲವೋ ಎಂದು ಎರಡು ಕೇಜಿ ಆಗಲೇ ಸೂಟ್‌ಕೇಸಿನಲ್ಲಿ ಸೇರಿಸಿದ್ದರು.

"ಯಾಕತ್ತೆ ಇಷ್ಟೆಲ್ಲ," ಎಂದರು ಅಕ್ಕ ಮೆಲ್ಲಗೆ. "ಮೇ ತಿಂಗಳಲ್ಲಿ ರಜಕ್ಕೆ ಅವಳ ಜೊತೆ ನಾನೂ ಬರ್ತೀನಲ್ಲ. ನಾನೇ ಮಾಡ್ಕೊಡ್ತೀನಿ ಅವಳಿಗೆ."

"ಬೇಡ," ಎಂದರು ಅಜ್ಜಿ, ಡೈರಿಯಿಂದ ತಲೆ ಎತ್ತದೆ. "ನನ್ನ ಮನೇಲಿ ಅವಳಿಗೆ ನಾನೇ ಮಾಡಿ ಬಡಿಸ್ಬೇಕು. ಹೇಳು, ಎಷ್ಟು ವಿಷಲ್ಲು?"